ಸಂಗೀತೋತ್ಸವಗಳೂ ಸ್ಥಳದ ಗೇಯಸಾಹಿತ್ಯವೂ

ಸಂಗೀತೋತ್ಸವವೊಂದರ ಕಾರ್ಯಕ್ರಮಪತ್ರಿಕೆಯು ಬರಿಯ ಹೆಸರುಗಳ ಪಟ್ಟಿಯಲ್ಲ. ಉತ್ಸವವನ್ನು ನಡೆಸುವವರ ಅಭಿರುಚಿಗೂ ವಿವೇಕಕ್ಕೂ ಅದು ಸಾಕ್ಷಿ. ಬರಲಿರುವ ಕಛೇರಿಗಳಲ್ಲಿ ಯಾರು ಹಾಡುವರು, ಯಾರು ಪಕ್ಕವಾದ್ಯ ನುಡಿಸುವರು ಎಂಬುದನ್ನು ಅದು ತಪ್ಪದೆ ತಿಳಿಸುವುದು. ಏನನ್ನು ಹಾಡುವರು, ಅದನ್ನು ಈ ಸ್ಥಳದಲ್ಲಿಯೇ ಹಾಡುವುದೇಕೆ ಎಂಬುದನ್ನು ತಿಳಿಸುವುದು ಅಪೂರ್ವ. ಊರಿನ ಹೆಸರನ್ನು ಅಳಿಸಿ ಬೇರೊಂದು ಊರಿನ ಹೆಸರನ್ನು ಬರೆದರೂ ಪತ್ರಿಕೆಯಲ್ಲಿ ಏನೂ ವ್ಯತ್ಯಾಸವಾಗದಿದ್ದರೆ, ಆ ಉತ್ಸವಕ್ಕೂ ಆ ಊರಿಗೂ ಇರುವ ಸಂಬಂಧ ಚಪ್ಪರಕ್ಕೂ ನೆಲಕ್ಕೂ ಇರುವಷ್ಟೇ ಎಂದು ಹೇಳಬೇಕಾಗುವುದು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನೆರೆಹೊರೆಯ ನಾಲ್ಕು ತಾಲ್ಲೂಕುಗಳ ವಿಷಯದಲ್ಲಿ ಈ ವಿಚಾರವು ಹೆಚ್ಚು ಗಮನಾರ್ಹವಾದುದು. ಏಕೆಂದರೆ ಹಾಡಲೆಂದೇ ರಚಿತವಾದ ಸಾಹಿತ್ಯವು ಅಲ್ಲಿ ಧಾರಾಳವಾಗಿದ್ದು, ಕಛೇರಿಯ ವೇದಿಕೆಯಲ್ಲಿ ಅದರ ದನಿ ಕೇಳಿಬರುವುದು ವಿರಳ.

ಅಂತಾರಾಷ್ಟ್ರೀಯ ಕೀರ್ತಿಯನ್ನು ಪಡೆದ ಉತ್ಸವಗಳು ಸ್ಥಳದ ಋಣವನ್ನು ಮರೆತು ದೊಡ್ಡವಾದವುಗಳಲ್ಲ. ಬೈರಾಯ್ಟಿನಲ್ಲಿ ೧೮೭೬ರಲ್ಲಿ ಆರಂಭವಾದ ಉತ್ಸವವು ವಾಗ್ನರನು ತನ್ನ ಗೀತನಾಟಕಗಳಿಗಾಗಿಯೇ ಕಟ್ಟಿಸಿದ ರಂಗಮಂದಿರವನ್ನು ಆಶ್ರಯಿಸಿತು. ೧೯೨೦ರಲ್ಲಿ ಮೊದಲಾದ ಸಾಲ್ಸ್‌ಬರ್ಗಿನ ಉತ್ಸವವು ೧೭೫೬ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಮೋಟ್ಸಾರ್ಟನ ಕೃತಿಗಳನ್ನು ತನ್ನ ಜೀವಾಳವನ್ನಾಗಿ ಇಟ್ಟುಕೊಂಡಿತು. ಕಾವೇರಿಯ ತೀರದಲ್ಲಿಯೇ ಇರುವ ತಿರುವೈಯಾರಿನಲ್ಲಿ ತ್ಯಾಗರಾಜರ ಆರಾಧನೆಗೆ ದೇಶದ ಎಲ್ಲೆಡೆಯಿಂದ ಬರುವ ವಿದ್ವಾಂಸರು ಮೊದಲು ತ್ಯಾಗರಾಜರ ಪಂಚರತ್ನಗಳನ್ನು ಒಟ್ಟಾಗಿ ಹಾಡುವರು. ಮೊದಲು ಊರು ತನ್ನ ಹಾಡನ್ನು ಕೇಳಿಸುವುದು. ಆಮೇಲೆ ಲೋಕದ ಹಾಡಿಗೆ ಎಡೆಮಾಡಿಕೊಡುವುದು.

ಶ್ರೀರಂಗಪಟ್ಟಣಕ್ಕೆ ಉತ್ಸವವು ಹೊಸದಲ್ಲ. ರಾಜ ಒಡೆಯರು ೧೬೧೦ರಲ್ಲಿ ಪಟ್ಟಣವನ್ನು ವಶಪಡಿಸಿಕೊಂಡು ಅಲ್ಲಿ ನವರಾತ್ರಿಯ ಮಹೋತ್ಸವವನ್ನು ಪ್ರಾರಂಭಿಸಿದರು. ಕಂಠೀರವ ನರಸರಾಜ ಒಡೆಯರ ಕಾಲದ ಆ ವೈಭವವನ್ನು ಗೋವಿಂದವೈದ್ಯನು ೧೬೪೮ರಲ್ಲಿ ರಚಿಸಿದ ‘ಕಂಠೀರವ ನರಸರಾಜ ವಿಜಯ’ದಲ್ಲಿ ವರ್ಣಿಸಿರುವನು. ಇತಿಹಾಸಜ್ಞರು ಈ ಕಾವ್ಯವನ್ನು ಯುದ್ಧಗಳ ವಿವರಕ್ಕಾಗಿಯೂ ಪಟ್ಟಣದ ವರ್ಣನೆಗಾಗಿಯೂ ಆದರಿಸುವರು. ಆದರೆ ಅದು ಸಾಂಗತ್ಯದಲ್ಲಿರುವ ಕಾವ್ಯ; ಸಾಂಗತ್ಯವೆಂದರೆ ಹಾಡುಗಬ್ಬ. ಓದುವ ಕಣ್ಣಿಗೆ ಬೇಸರ ತರುವ ಆವೃತ್ತಿಗಳೂ ಉದ್ದನೆಯ ಪಟ್ಟಿಗಳೂ ಹಾಡುವ ಬಾಯಿಗೆ ಇಂಬಾಗಿ ಬರುವುವು. ಉತ್ಸವದ ಸಂಗೀತವನ್ನು ವರ್ಣಿಸುವ ಕಾವ್ಯವು ತಾನೇ ಸಂಗೀತವಾಗಿರುವುದನ್ನು ಮರೆತು ಅದರ ಗುಣದೋಷಗಳನ್ನು ತೂಗುವುದು ನ್ಯಾಯವಲ್ಲ. ೧೭೯೯ರ ಅನಂತರ ರಾಜಧಾನಿಯೊಡನೆ ದಸರಾ ಮಹೋತ್ಸವವೂ ಮೈಸೂರಿಗೆ ಹೋಯಿತು. ಈಚಿನ ವರ್ಷಗಳಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಮತ್ತೆ ನಡೆಯುತ್ತಿರುವುದು. ಕಿರಂಗೂರಿನ ಬನ್ನಿಮಂಟಪದಿಂದ ಜಂಬೂಸವಾರಿ ಹೊರಡುವುದು, ಸಂಜೆಗಳಲ್ಲಿ ವೇದಿಕೆಯ ಮೇಲೆ ಸಂಗೀತವೂ ನಡೆಯುವುದು. ಹಳೆಯ ಉತ್ಸವದ ಮೆರವಣಿಗೆಯನ್ನು ಮರಳಿ ತಂದವರು ಅದರ ಹಾಡನ್ನೂ ಮರಳಿ ತರಬಲ್ಲರೇ ಎಂಬುದು ಪ್ರಶ್ನೆ.

ಈ ಪ್ರಶ್ನೆಗೆ ಒರೆಗಲ್ಲಾಗಬಲ್ಲ ಕೃತಿಯೆಂದರೆ ‘ಗೀತಗೋಪಾಲ’. ೧೬೭೩ರಿಂದ ೧೭೦೪ರವರೆಗೆ ಶ್ರೀರಂಗಪಟ್ಟಣದಿಂದ ಆಳಿದ ಚಿಕದೇವರಾಜ ಒಡೆಯರ ಹೆಸರಿನಲ್ಲಿ ಈ ಗ್ರಂಥವಿರುವುದು. ಮಂತ್ರಿ ತಿರುಮಲಾರ್ಯನೇ ಇದರ ಕರ್ತೃವಾಗಿರಬಹುದೆಂದು ಊಹಿಸುವ ವಿದ್ವಾಂಸರೂ ಉಂಟು. ಹಾಡುವವನಿಗೆ ಈ ವಿವಾದದಿಂದ ಬಾಧಕವೇನೂ ಇಲ್ಲ. ಜಯದೇವನ ‘ಗೀತಗೋವಿಂದ’ವು ಇದಕ್ಕೆ ಮಾದರಿ. ಅಲ್ಲಿ ಅಷ್ಟಪದಿಗಳಿರುವಂತೆ ಇಲ್ಲಿ ಸಪ್ತಪದಿಗಳು. ಆದರೆ ಮಾದರಿಯನ್ನು ಅನುಸರಿಸಿದ ಮಾತ್ರಕ್ಕೆ ಉದ್ದೇಶವೂ ಒಂದೇ ಆಗಲಿಲ್ಲ. ಜಯದೇವನಲ್ಲಿ ವಿರಹವೇ ಮುಂದಾಗಿ ಭಕ್ತಿಯು ಅದರ ಒಡಲಲ್ಲಿ ಅಡಗಿರುವುದು. ಶ್ರೀರಂಗಪಟ್ಟಣದ ಆಸ್ಥಾನದ ಕೃತಿಯಲ್ಲಿ ಶ್ರೀವೈಷ್ಣವ ಭಕ್ತಿಯು ಮುಂದಾಗಿ ಶೃಂಗಾರವು ಅದಕ್ಕೆ ಸೇವಕನಾಗಿರುವುದು. ಸಂಸ್ಕೃತವನ್ನರಿಯದ ಜನರಿಗೂ ಮತದ ತಿರುಳು ಕನ್ನಡದಲ್ಲಿ ದೊರೆಯಲೆಂಬ ಆಸ್ಥಾನದ ಸಂಕಲ್ಪವು ಇದರ ಹಿಂದಿರುವುದು. ಈ ಸಂಕಲ್ಪದಿಂದ ಕೃತಿಗೆ ಲಾಭವೂ ಆಯಿತು, ನಷ್ಟವೂ ಆಯಿತು. ಭಾಷೆ ತಿಳಿಯಾಯಿತು, ಭಾವದ ಏರಿಳಿತಕ್ಕಿಂತ ಉಪದೇಶದ ಸಮಗತಿಯೇ ಹೆಚ್ಚಾಯಿತು. ಪುಸ್ತಕವನ್ನು ಮುಂದಿಟ್ಟುಕೊಂಡು ಓದುವ ವಿಮರ್ಶಕನು ಇದನ್ನು ‘ಗೀತಗೋವಿಂದ’ದ ಮಂಕಾದ ನೆರಳೆಂದು ತೀರ್ಮಾನಿಸಿದರೆ ಆಶ್ಚರ್ಯವಿಲ್ಲ.

ಆದರೆ ಆ ತೀರ್ಮಾನವು ಅರ್ಧ ಸಾಕ್ಷ್ಯವನ್ನು ಕೇಳಿ ಕೊಟ್ಟ ತೀರ್ಪು. ಪಲ್ಲವಿಯು ಮರಳಿ ಮರಳಿ ಬರುವ ಗೀತದಲ್ಲಿ ಅರ್ಥವು ಒಂದೇ ಆದರೂ ಪ್ರತಿ ಚರಣದ ಅನಂತರ ಅದರ ಭಾವ ಬೇರೆಯಾಗುವುದು. ಬೇರೆಯಾಗಿಸುವುದು ರಾಗದ ಕೆಲಸ. ಆ ಅರ್ಧವು ಓಲೆಗರಿಯಲ್ಲಿ ಉಳಿಯುವುದಲ್ಲ. ‘ಮಟ್ಟು ದೊರೆಯದಿರುವಾಗ ಹೊಸ ಮಟ್ಟನ್ನು ಹಾಕುವುದು ಕೃತಕವಲ್ಲವೇ?’ ಎಂಬ ಆಕ್ಷೇಪ ಬರಬಹುದು. ಇದಕ್ಕೆ ಉತ್ತರವನ್ನು ‘ಗೀತಗೋವಿಂದ’ದ ಚರಿತ್ರೆಯೇ ಕೊಡುವುದು. ಹನ್ನೆರಡನೆಯ ಶತಮಾನದ ಆ ಕೃತಿಯನ್ನು ಒಡಿಶಾದಲ್ಲಿ ಒಂದು ಬಗೆಯಾಗಿಯೂ, ಕೇರಳದ ದೇವಾಲಯಗಳಲ್ಲಿ ಸೋಪಾನದ ಬಗೆಯಾಗಿಯೂ, ತಮಿಳುನಾಡಿನ ಭಜನೆಗೋಷ್ಠಿಗಳಲ್ಲಿ ಮತ್ತೊಂದು ಬಗೆಯಾಗಿಯೂ ಹಾಡುತ್ತಿರುವರು. ಇವುಗಳಲ್ಲಿ ಯಾವುದು ಜಯದೇವನ ಮಟ್ಟೆಂದು ಯಾರೂ ಪ್ರಮಾಣ ಮಾಡಲಾರರು. ಆದರೂ ಎಲ್ಲವೂ ಕೃತಿಯನ್ನು ಬದುಕಿಸಿರುವುವು. ಹೊಸ ಮಟ್ಟನ್ನು ಹಳೆಯದೆಂದು ಹೇಳುವುದು ದೋಷ. ಹೊಸದೆಂದು ಹೇಳಿ ಹಾಡುವುದು ಸೇವೆ.

ಹೊಸ ಮಟ್ಟಿನಿಂದ ಕವಿತೆಗೆ ಆಗುವ ಉಪಕಾರಕ್ಕೆ ಕೃಷ್ಣರಾಜಪೇಟೆಯ ತಾಲ್ಲೂಕಿನಲ್ಲಿಯೇ ನಿದರ್ಶನವುಂಟು. ಕಿಕ್ಕೇರಿಯಲ್ಲಿ ೧೯೧೫ರಲ್ಲಿ ಜನಿಸಿದ ಕೆ. ಎಸ್. ನರಸಿಂಹಸ್ವಾಮಿಗಳ ‘ಮೈಸೂರು ಮಲ್ಲಿಗೆ’ಯು ೧೯೪೨ರಲ್ಲಿ ಪುಸ್ತಕವಾಗಿ ಬಂದಿತು. ಅದನ್ನು ಪುಸ್ತಕವನ್ನೇ ಕೊಳ್ಳದ ಮನೆಗಳಿಗೂ ಮುಟ್ಟಿಸಿದವರು ಭಾವಗೀತೆಯ ಗಾಯಕರು. ಮಟ್ಟು ಕವಿಯದಲ್ಲ, ಆದರೂ ಕವಿತೆ ಅದರಿಂದ ಕೆಡಲಿಲ್ಲ.

ಪಾಂಡವಪುರದ ತಾಲ್ಲೂಕಿಗೆ ಸೇರಿದ ಮೇಲುಕೋಟೆಗೆ ಬಂದರೆ ಸಾಹಿತ್ಯ ಸಂಗೀತಗಳ ಈ ನಂಟು ಇನ್ನೂ ಸ್ಪಷ್ಟವಾಗುವುದು. ‘ಚಿಕದೇವರಾಯ ಬಿನ್ನಪ’ದ ಮೂವತ್ತು ಗದ್ಯ ವಿಜ್ಞಾಪನೆಗಳು ಯದುಗಿರಿಯ ನಾರಾಯಣನಿಗೆ ಸಲ್ಲುವಂಥವು. ಆ ಗದ್ಯವು ತರ್ಕದ ಮೆಟ್ಟಿಲುಗಳನ್ನೇರಿ ದೇವರ ಸನ್ನಿಧಿಗೆ ಹೋಗುವುದು. ‘ಗೀತಗೋಪಾಲ’ವು ಅದೇ ಸನ್ನಿಧಿಯನ್ನು ಹಾಡುತ್ತ ಸುತ್ತುವುದು. ಎರಡನ್ನೂ ಒಂದೇ ಸಂಜೆ, ಒಂದನ್ನು ವಾಚನವಾಗಿಯೂ ಮತ್ತೊಂದನ್ನು ಗಾನವಾಗಿಯೂ ಕೇಳಿಸಿದರೆ, ಒಂದರ ಕೊರತೆಯನ್ನು ಮತ್ತೊಂದು ತುಂಬುವುದನ್ನು ಶ್ರೋತೃಗಳೇ ಅರಿಯುವರು. ಇದೇ ಮೇಲುಕೋಟೆಯಲ್ಲಿ ೧೯೦೫ರಲ್ಲಿ ಜನಿಸಿ ೧೯೯೮ರಲ್ಲಿ ದಿವಂಗತರಾದ ಪು. ತಿ. ನರಸಿಂಹಾಚಾರ್ಯರು ಕನ್ನಡದ ಗೀತನಾಟಕಕ್ಕೆ ದಾರಿ ತೆರೆದರು. ಅವರ ‘ಹಂಸದಮಯಂತಿ ಮತ್ತು ಇತರ ರೂಪಕಗಳು’ ಎಂಬ ಗ್ರಂಥಕ್ಕೆ ೧೯೬೬ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅವರ ‘ಗೋಕುಲ ನಿರ್ಗಮನ’ದಲ್ಲಿ ಕೃಷ್ಣನು ಕೊಳಲಿನ ಲೋಕವನ್ನು ಬಿಟ್ಟು ಮಥುರೆಯ ಕರ್ತವ್ಯಕ್ಕೆ ಹೊರಡುವನು. ಗೋಪಿಯರ ದುಃಖವನ್ನು ಮಾತು ಹೇಳಬಲ್ಲುದು. ಆ ಲೋಕ ಬರಿದಾದುದನ್ನು ತಿಳಿಸಲು ಸಂಗೀತವೇ ಬೇಕು. ಬಿ. ವಿ. ಕಾರಂತರು ಅದನ್ನು ರಂಗಕ್ಕೆ ತಂದಾಗ ಓದುವ ಕೃತಿಯೆಂದು ಮೂಲೆಗಿಟ್ಟಿದ್ದ ನಾಟಕವು ಕೇಳುವ ಕೃತಿಯೂ ಆಗಬಲ್ಲುದೆಂಬುದು ಸಿದ್ಧವಾಯಿತು.

ಕೊಳಲನ್ನು ಊದುವ ಈ ದೇವನು ಇಲ್ಲಿನ ಕಲ್ಲಿನಲ್ಲಿಯೂ ನೆಲೆಸಿರುವನು. ಕೃಷ್ಣರಾಜಪೇಟೆಗೆ ಸಮೀಪದ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವೂ ನಾಗಮಂಗಲದ ಸೌಮ್ಯಕೇಶವ ದೇವಾಲಯವೂ ಹೊಯ್ಸಳರ ಕಾಲದ ತ್ರಿಕೂಟಗಳು. ಎರಡರಲ್ಲಿಯೂ ಒಂದು ಗರ್ಭಗೃಹವು ವೇಣುಗೋಪಾಲನದು. ಗೋಪಾಲನ ಗೀತಗಳನ್ನು ಕೇಳಿಸಲು ಇವುಗಳ ಅಂಗಳಕ್ಕಿಂತ ತಕ್ಕ ಸ್ಥಳವನ್ನು ಹುಡುಕಿ ಹೋಗಬೇಕಾಗಿಲ್ಲ.

ಸ್ಥಳದ ಕೃತಿಗಳಿಗೆ ಮನ್ನಣೆ ಕೊಡುವುದೆಂದರೆ ಹೊರಗಿನ ಸಂಗೀತಕ್ಕೆ ಬಾಗಿಲು ಹಾಕುವುದೆಂದು ಯಾರೂ ಭಾವಿಸಬೇಕಾಗಿಲ್ಲ. ಚಿಕದೇವರಾಜರ ವಂಶದಲ್ಲಿಯೇ ಬಂದ ಜಯಚಾಮರಾಜ ಒಡೆಯರು ಕರ್ಣಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದವರು. ಪಾಶ್ಚಾತ್ಯ ಸಂಗೀತವನ್ನೂ ಆಳವಾಗಿ ಬಲ್ಲವರು. ರಷ್ಯದಿಂದ ಬಂದು ಲಂಡನ್ನಿನಲ್ಲಿ ನೆಲೆಸಿ, ಲೋಕವು ಬಹುಮಟ್ಟಿಗೆ ಮರೆತಿದ್ದ ಮೆಟ್ನರನೆಂಬ ರಚನಕಾರನ ಕೃತಿಗಳನ್ನು ಧ್ವನಿಮುದ್ರಿಸಲು ಸಂಘವೊಂದನ್ನು ಸ್ಥಾಪಿಸಿ ಅವರು ಧನಸಹಾಯ ಮಾಡಿದರು. ಮೆಟ್ನರನು ೧೯೫೧ರಲ್ಲಿ ತೀರಿಕೊಂಡನು. ಅವನೇ ನುಡಿಸಿದ ಸಂಗೀತವು ಇಂದಿಗೂ ಕೇಳಿಬರುತ್ತಿರುವುದಕ್ಕೆ ಈ ಸಹಾಯವು ಮುಖ್ಯ ಕಾರಣ. ಕೀರ್ತಿವಂತನಿಗೆ ಇನ್ನೊಂದು ಹಾರ ಹಾಕುವುದು ಸುಲಭ. ದನಿಯಡಗಿದವನಿಗೆ ದನಿ ಕೊಡುವುದೇ ನಿಜವಾದ ಪೋಷಣೆ. ದೂರದ ರಷ್ಯದವನಿಗೆ ಸಂದ ಆ ಔದಾರ್ಯವು ಆ ವಂಶದ ಹಳೆಯ ರಾಜಧಾನಿಯ ಗೀತಗಳಿಗೂ ಸಲ್ಲಬೇಕಾದುದು.

ಆದುದರಿಂದ ಈ ಪ್ರಾಂತದ ಮುಂಬರುವ ಉತ್ಸವಗಳಿಂದ ಅಪೇಕ್ಷಿಸಬಹುದಾದುದು ದೊಡ್ಡ ವೆಚ್ಚದ ಏರ್ಪಾಡಲ್ಲ. ಪ್ರತಿ ವರ್ಷವೂ ಎರಡು ಮೂರು ಸಪ್ತಪದಿಗಳಿಗೆ ಬಲ್ಲ ವಿದ್ವಾಂಸರಿಂದ ಸ್ವರಸಂಯೋಜನೆ ಮಾಡಿಸಿ, ಮಟ್ಟು ಹಾಕಿದವರ ಹೆಸರನ್ನೂ ವರ್ಷವನ್ನೂ ಕಾಣಿಸಿ, ಸ್ವರಲಿಪಿಯೊಡನೆ ಅಚ್ಚುಮಾಡಿದರೆ ಸಾಕು. ಹಾಡಿದ ಗೀತಗಳಲ್ಲಿ ಕೆಲವು ನಿಲ್ಲುವುವು, ಕೆಲವು ಬಿದ್ದುಹೋಗುವುವು. ಬಿದ್ದುಹೋದುವನ್ನು ಕುರಿತು ‘ಇವು ಗೀತಗಳಾಗಿ ಸೋತುವು’ ಎಂದು ಆಗ ಪ್ರಮಾಣಪೂರ್ವಕವಾಗಿ ಹೇಳಬಹುದು. ಹಾಡದೆಯೇ ಸೋಲಿಸಿರುವುದು ಈಗಿನ ಸ್ಥಿತಿ. ‘ಗೀತಗೋಪಾಲ’ದ ಗುಣದೋಷಗಳ ವಿಚಾರವು ಮುಗಿದುಹೋಗಿಲ್ಲ, ಅದು ಸರಿಯಾಗಿ ಆರಂಭವಾಗಬೇಕಾದುದು ಕಛೇರಿಯಲ್ಲಿ.