ವಿಂಡೋಸ್ ಬದಲಿಸುವ ಮುನ್ನ ನುಡಿ ಕಡತ ನೋಡಿ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ದಸರೆ ಮುಗಿದಿತ್ತು, ದೀಪಾವಳಿ ಇನ್ನೂ ಬಂದಿರಲಿಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹೊಗೆಸೊಪ್ಪು ಬೆಳೆಯುವ ಮನೆಗಳಲ್ಲಿ ಆಗ ಬೇಲು, ಗ್ರೇಡು, ಹರಾಜಿನದೇ ಮಾತು. ಮರುದಿನವೂ ಕಂಪ್ಯೂಟರ್ ಎಂದಿನಂತೆ ಆನ್ ಆಗಿದ್ದರಿಂದ ಎಷ್ಟೋ ಮನೆಗಳಲ್ಲಿ ವಿಂಡೋಸ್ ಬದಲಿಸುವ ಕೆಲಸ ಮುಂದೆ ಮುಂದೆ ಹೋಗಿದೆ. ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುವ ದಾರಿಯನ್ನು ಕಂಪನಿ ಕೊಟ್ಟಿತು. ಅದು ಸಿದ್ಧತೆಗೆ ಕೊಟ್ಟ ಕಾಲಾವಕಾಶ, ಅಷ್ಟೆ. ಅಪ್‌ಡೇಟ್ ನಿಂತುಹೋದ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡಬೇಡಿ.

ವಿಂಡೋಸ್ 11 ಎಲ್ಲ ಯಂತ್ರಕ್ಕೂ ಒಗ್ಗುವುದಿಲ್ಲ. 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಇದ್ದರೆ ಸಾಲದು, ಟಿಪಿಎಂ 2.0 ಎಂಬ ಭದ್ರತಾ ಭಾಗ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ಐ5-8250 ಎಂದಿದ್ದರೆ ಎಂಟನೆಯದು, ಐ5-7200 ಎಂದಿದ್ದರೆ ಏಳನೆಯದು. 2020ರಲ್ಲಿ ಮಕ್ಕಳ ಆನ್‌ಲೈನ್ ತರಗತಿಗೆಂದು ಸೆಕೆಂಡ್ ಹ್ಯಾಂಡ್ ಕೊಂಡ ಯಂತ್ರಗಳು ಹೆಚ್ಚಾಗಿ ಇಲ್ಲೇ ಸಿಕ್ಕಿಬೀಳುತ್ತವೆ. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಓಡಿಸಿದರೆ ಉತ್ತರ ಗೊತ್ತಾಗುತ್ತದೆ. ಟಿಪಿಎಂ ಇಲ್ಲವೆಂದು ಬಂದರೆ ತಕ್ಷಣ ಕೈಬಿಡಬೇಡಿ. ಅದು ಬಯೋಸ್‌ನಲ್ಲಿ ಆಫ್ ಆಗಿರಬಹುದು.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ನಮ್ಮ ಊರುಗಳ ಮನೆಯ ಕಂಪ್ಯೂಟರ್‌ನಲ್ಲಿ ಸಿನಿಮಾ, ಫೋಟೋಗಳ ಜೊತೆಗೆ ಕನ್ನಡದ ಕಡತಗಳಿರುತ್ತವೆ: ಸಂಘದ ನಡಾವಳಿ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೊಟ್ಟವರ ಪಟ್ಟಿ, ಶಾಲಾ ವಾರ್ಷಿಕೋತ್ಸವದ ನಾಟಕ, ಜಮೀನಿನ ಅರ್ಜಿ, ಅಪ್ಪ ಬರೆದಿಟ್ಟ ಕವಿತೆ. ಇವುಗಳಲ್ಲಿ ಹಳೆಯವು ಹೆಚ್ಚಾಗಿ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ, ಇಲ್ಲವೇ 1998ರಲ್ಲಿ ಬಂದ 'ಬರಹ' ತಂತ್ರಾಂಶದಲ್ಲಿ ಟೈಪ್ ಆದವು. 'ನುಡಿ 01 ಇ' ಫಾಂಟಿನಲ್ಲಿ ಉಳಿಸಿದ ಕಡತದ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಫಾಂಟ್ ಇದ್ದಾಗ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಡಿಸ್ಕ್ ಅಳಿಸಿ ಹೊಸ ವ್ಯವಸ್ಥೆ ಹಾಕಿದಾಗ ಫಾಂಟೂ ಹೋಗುತ್ತದೆ, ಅಪ್ಪನ ಕವಿತೆ ಅರ್ಥವಿಲ್ಲದ ಗುರುತುಗಳ ಸಾಲಾಗಿ ತೆರೆದುಕೊಳ್ಳುತ್ತದೆ.

ಯೂನಿಕೋಡ್‌ನಲ್ಲಿ ಈ ತೊಂದರೆಯಿಲ್ಲ. ಅಲ್ಲಿ ಕನ್ನಡದ ಅಕ್ಷರಕ್ಕೆ ಅದರದೇ ಸ್ಥಾನವಿದೆ. ಫೋನ್‌ನಲ್ಲೂ ಓದಬಹುದು, ಹುಡುಕಲೂಬಹುದು. ಆದ್ದರಿಂದ ಮೊದಲು ಎಲ್ಲ ಕಡತಗಳನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ, ಹಳೆಯ ಫಾಂಟುಗಳನ್ನೂ ಅದರಲ್ಲೇ ಇಡಿ. ಆಮೇಲೆ ನುಡಿ ಅಥವಾ ಬರಹದ ಹೊಸ ಆವೃತ್ತಿಯಲ್ಲಿರುವ ಪರಿವರ್ತಕದಿಂದ ಒಂದೊಂದಾಗಿ ಯೂನಿಕೋಡ್‌ಗೆ ತನ್ನಿ. ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಕಣ್ಣಿಟ್ಟು ನೋಡಿ. ನಡುವೆ ಬಂದ ಇಂಗ್ಲಿಷ್ ಪದಗಳನ್ನು ಪರಿವರ್ತಕ ಕನ್ನಡವೆಂದೇ ತಿಳಿದು ಕೆಡಿಸಬಹುದು, ಆದ್ದರಿಂದ ಸರ್ವೆ ನಂಬರ್, ಹಣದ ಮೊತ್ತ ಇರುವ ಪುಟವನ್ನು ಹಳೆಯ ಫಾಂಟಿನಲ್ಲಿ ತೆರೆದ ಮೂಲ ಕಡತದ ಜೊತೆ ಹೋಲಿಸದೆ ಬಿಡಬೇಡಿ.

ವಿಂಡೋಸ್ 11 ಒಲ್ಲೆನೆಂದ ಯಂತ್ರವನ್ನು ಗುಜರಿಗೆ ಹಾಕಬೇಕಿಲ್ಲ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆ ಹಾಕಿ. ಮಿಂಟ್ 22ಕ್ಕೆ 2029ರವರೆಗೆ ಬೆಂಬಲವಿದೆ, 4 ಜಿಬಿ ರ್‍ಯಾಮ್‌ನಲ್ಲೂ ನಡೆಯುತ್ತದೆ. ಏನನ್ನೂ ಅಳಿಸದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ನುಡಿಯಲ್ಲಿ ಬಳಸುವ, ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಇಲ್ಲಿಯೂ ಕೆಜಿಪಿ ಹೆಸರಿನಲ್ಲಿ ಸಿಗುತ್ತದೆ, ನುಡಿಗೆ ಪಳಗಿದ ಬೆರಳು ಹೊಸದೇನನ್ನೂ ಕಲಿಯಬೇಕಿಲ್ಲ. ನವಿಲು, ಗುಬ್ಬಿ ಎಂಬ ಚೆಂದದ ಕನ್ನಡ ಫಾಂಟುಗಳೂ ಉಚಿತ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಡಿಜಿಟಲ್ ಸಹಿಯ ಡಾಂಗಲ್ ಬಳಸುವವರು ಮಾತ್ರ ವಿಂಡೋಸ್‌ನಲ್ಲೇ ಇರುವುದು ಲೇಸು. ಹಳೆಯ ಲೇಸರ್ ಪ್ರಿಂಟರ್ ಇದ್ದರೆ ಮೊದಲು ಪೆನ್‌ಡ್ರೈವ್‌ನಿಂದ ಓಡಿಸಿದಾಗಲೇ ಪರೀಕ್ಷಿಸಿ.

ವಿಂಡೋಸ್ 11ರ ಅನುಸ್ಥಾಪನಾ ಕಡತ 5 ಜಿಬಿ ದಾಟುತ್ತದೆ. ದಿನಕ್ಕೆ ಒಂದೂವರೆ ಜಿಬಿ ಸಿಗುವ ಮೊಬೈಲ್ ಡೇಟಾ ಅದಕ್ಕೆ ಸಾಲದು. ಫೈಬರ್ ಸಂಪರ್ಕವಿರುವ ಪೇಟೆಯ ನೆಂಟರ ಮನೆಯಲ್ಲಿ 8 ಜಿಬಿ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಅನುಸ್ಥಾಪನೆಯ ನಡುವೆ ಕರೆಂಟ್ ಹೋಗಬಾರದು. ಮಳೆ, ಗಾಳಿಯ ಸಂಜೆ ಬೇಡ. ಲ್ಯಾಪ್‌ಟಾಪ್ ಬ್ಯಾಟರಿ ತುಂಬಿರಲಿ, ಡೆಸ್ಕ್‌ಟಾಪ್‌ಗೆ ಯುಪಿಎಸ್ ಇರಲಿ. ವಿಂಡೋಸ್ 11 ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿದ್ದರೆ ರಿಕವರಿ ಕೀ ಅನ್ನು ಕಾಗದದಲ್ಲಿ ಬರೆದು ಮನೆಯ ಪತ್ರಗಳ ಜೊತೆ ಇಡಿ.

ವಿಂಡೋಸೋ ಲಿನಕ್ಸೋ ಎಂಬುದು ಎರಡನೆಯ ಪ್ರಶ್ನೆ. ಹತ್ತು ವರ್ಷದಲ್ಲಿ ಈ ವ್ಯವಸ್ಥೆಯೂ ಹಳೆಯದಾಗುತ್ತದೆ, ಮತ್ತೆ ಬದಲಿಸಬೇಕಾಗುತ್ತದೆ. ಒಮ್ಮೆ ಯೂನಿಕೋಡ್‌ಗೆ ಬಂದ ಕನ್ನಡಕ್ಕೆ ಮಾತ್ರ ಆ ಚಿಂತೆ ಇರುವುದಿಲ್ಲ. ಈ ಭಾನುವಾರ ಮನೆಯಲ್ಲಿರುವ ಅತಿ ಹಳೆಯ ನುಡಿ ಕಡತವನ್ನು ತೆರೆದು ಕೆಲಸ ಶುರುಮಾಡಿ.