ಪರೀಕ್ಷೆಗೆ ಬಾರದ ಮಾತು

ಕನ್ನಡ ಎಂ.ಎ. ತರಗತಿಯಲ್ಲಿ ಭಾಷಾವಿಜ್ಞಾನವೆಂದರೆ ಹುಡುಗಿಯರ ಮುಖ ಸಪ್ಪಗಾಗುತ್ತದೆ. ಕಾವ್ಯವಾದರೆ ಕಣ್ಣರಳಿಸಿ ಕೇಳುವವರು ಧ್ವನಿಮಾ, ಆಕೃತಿಮಾ ಎಂದೊಡನೆ ತಲೆ ಬಗ್ಗಿಸಿ ನೋಟ್ಸ್ ಬರೆಯತೊಡಗುತ್ತಾರೆ. ಬಹಳ ವರ್ಷ ಈ ಪಾಠ ಮಾಡಿದವಳಾಗಿ ಹೇಳುತ್ತೇನೆ, ತಪ್ಪು ಅವರದಲ್ಲ.

ನಮ್ಮ ಕೈಯಲ್ಲಿದ್ದ ಪುಸ್ತಕ ಎಂ. ಚಿದಾನಂದಮೂರ್ತಿಯವರ 'ಭಾಷಾವಿಜ್ಞಾನದ ಮೂಲತತ್ತ್ವಗಳು'. 1931ರಲ್ಲಿ ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನಲ್ಲಿ ಹುಟ್ಟಿದವರು ಅವರು. ನಮ್ಮ ಕಡೆಯವರೆಂಬ ಅಭಿಮಾನ ನನಗೂ ಉಂಟು. ಇಂಗ್ಲಿಷ್ ಪುಸ್ತಕ ಕಂಡರೆ ಅಂಜುವ ಹಳ್ಳಿಯ ಮಕ್ಕಳಿಗೆ ಈ ಶಾಸ್ತ್ರವನ್ನು ಕನ್ನಡದಲ್ಲೇ ದಕ್ಕಿಸಿಕೊಟ್ಟ ಪುಸ್ತಕ ಅದು. ನನ್ನ ತಕರಾರು ಪುಸ್ತಕದ ಮೇಲಲ್ಲ, ಅದನ್ನು ಪ್ರಶ್ನೋತ್ತರವಾಗಿ ಹಿಂಡಿ ಉಕ್ತಲೇಖನ ಬರೆಸಿದ ನಮ್ಮಂಥ ಮೇಷ್ಟರುಗಳ ಮೇಲೆ. ಅದೇ ಚಿದಾನಂದಮೂರ್ತಿಯವರು ತೀ.ನಂ. ಶ್ರೀಕಂಠಯ್ಯನವರ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡಿ ಬರೆದ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' 1966ರಲ್ಲಿ ಅಚ್ಚಾಯಿತು. ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳನ್ನು ಎದುರಿಗಿಟ್ಟುಕೊಂಡು, ಅಂದಿನ ಜನ ಹೇಗೆ ಬದುಕಿದ್ದರೆಂದು ಆ ಕಲ್ಲುಗಳನ್ನೇ ಕೇಳಿದ ಗ್ರಂಥ ಅದು. ಮೊದಲು ಸಾಮಗ್ರಿ, ಆಮೇಲೆ ಸಿದ್ಧಾಂತ. ಅಮೆರಿಕದ ವಿಲಿಯಂ ಬ್ರೈಟ್ ಕೂಡ ಜನ ಆಡುವ ಕನ್ನಡವನ್ನು ಕೇಳಿ ಕೇಳಿಯೇ ಅದರ ವ್ಯಾಕರಣ ಬರೆದು, 1958ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಪ್ರಕಟಿಸಿದ. ನಮ್ಮ ತರಗತಿಯಲ್ಲಿ ಮಾತ್ರ ಎಲ್ಲ ತಲೆಕೆಳಗು. ಆಡುವ ಬಾಯಿಗಳನ್ನು ಮುಚ್ಚಿಸಿ, ಭಾಷೆಯೆಂದರೇನು ಎಂಬ ವ್ಯಾಖ್ಯೆ ಬರೆಸುತ್ತಿದ್ದೆವು.

ಇದು ನನಗೆ ಹೊಳೆದದ್ದು ಒಂದು ದಿನ ನೋಟ್ಸ್ ಮನೆಯಲ್ಲಿ ಮರೆತು ಬಂದಿದ್ದರಿಂದ. ಬೇರೆ ದಾರಿಯಿಲ್ಲದೆ, ಒಬ್ಬೊಬ್ಬರೂ ನಿಮ್ಮ ಮನೆಯಲ್ಲಿ ಆಡುವ ಹಾಗೆಯೇ ಒಂದು ಮಾತು ಹೇಳಿ ಎಂದೆ. ಮೊದಲು ನಾಚಿಕೆ, ಆಮೇಲೆ ನಗು. ಹೊನ್ನಾಳಿ ಕಡೆಯವಳು 'ಮನಿ ದೂರ ಐತಿ' ಅಂದಳು. ಪಕ್ಕದಲ್ಲಿದ್ದ ಚನ್ನಗಿರಿಯವಳು 'ನಮ್ದು ಮನೆ, ಐತೆ' ಅಂತ ತಿದ್ದಿದಳು. ಒಂದೇ ಬೆಂಚಿನಲ್ಲಿ, ಒಂದು ಮೊಳದ ಅಂತರದಲ್ಲಿ, ಪದದ ಕೊನೆಯ ಎಕಾರ ಇಕಾರವಾಗಿ ಕೂತಿತ್ತು! ಈ ಗಡಿಯನ್ನು ಮದುವೆಯಾಗಿ ದಾಟುವ ಹೆಣ್ಣುಮಕ್ಕಳಿಗೆ ಇದು ಹೊಸದೇನಲ್ಲ. ತವರಿನ 'ಐತಿ'ಯನ್ನು ಅತ್ತೆಮನೆಯಲ್ಲಿ ನುಂಗಿಕೊಂಡು, ತವರಿಗೆ ಬಂದ ದಿನ ಮತ್ತೆ ಬಾಯಿಬಿಟ್ಟು ಆಡುವವರು ನಾವು. ಎರಡು ನುಡಿಯ ವ್ಯತ್ಯಾಸ ನಮಗೆ ಯಾವ ಪ್ರೊಫೆಸರರೂ ಹೇಳಿಕೊಡಬೇಕಿಲ್ಲ.

ಜಗಳೂರು ಕಡೆಯ ಹುಡುಗಿಯ ಸರದಿ ಬಂದಾಗ ಆಕೆ ಬಾಯೇ ಬಿಡಲಿಲ್ಲ. ಮನೆಮಾತು ತೆಲುಗು. ಒತ್ತಾಯಕ್ಕೆ ಹಾಲಿಗೆ 'ಪಾಲು', ಕಿವಿಗೆ 'ಚೆವಿ' ಅಂದಳು. ಗೆಳತಿಯರು ಕಿಸಕ್ಕೆಂದರು. ನಾನು ಬೋರ್ಡಿನ ಮೇಲೆ ಬರೆದೆ: ಹಳಗನ್ನಡದಲ್ಲಿ ಪಾಲ್, ತಮಿಳಿನಲ್ಲಿ ಪಾಲ್, ತೆಲುಗಿನಲ್ಲಿ ಪಾಲು. ಸುಮಾರು 10ನೆಯ ಶತಮಾನದಿಂದೀಚೆಗೆ ನಮ್ಮ ಶಾಸನಗಳಲ್ಲಿ ಪಕಾರ ಹಕಾರವಾಗತೊಡಗಿತು. ದಾರಿ ಬಿಟ್ಟವರು ನಾವು, ಆಕೆಯ ಅಜ್ಜಿಯಲ್ಲ. ಕಿವಿಯಲ್ಲಿ ಮಾತ್ರ ಹಳೆಯ ಕಕಾರ ಉಳಿಸಿಕೊಂಡವರು ಕನ್ನಡಿಗರು. ತೆಲುಗು, ತಮಿಳುಗಳಲ್ಲಿ ಅದು ಚಕಾರವಾಯಿತು. ಲೆಕ್ಕ ಸರಿಹೋಯಿತು ಎಂದು ಆ ಹುಡುಗಿ ನಕ್ಕಳು. ದ್ರಾವಿಡ ಭಾಷೆಗಳ ಸಂಬಂಧದ ಬಗ್ಗೆ ನಾಲ್ಕು ವಾರ ನಾನು ಬರೆಸಿದ್ದು ಅರ್ಧ ಗಂಟೆಯಲ್ಲಿ ಮುಗಿದಿತ್ತು.

ಇಷ್ಟಾದ ಮೇಲೂ ನಾನು ಬುದ್ಧಿ ಕಲಿತೆನೆಂದು ತಿಳಿಯಬೇಡಿ. ಅದೇ ವರ್ಷ, ಆಗ ಇನ್ನೂ ಹೊನ್ನಾಳಿ ತಾಲ್ಲೂಕಿಗೇ ಸೇರಿದ್ದ ನ್ಯಾಮತಿ ಕಡೆಯ ಒಂದು ತಾಂಡಾದಿಂದ ಬರುತ್ತಿದ್ದ ಲಂಬಾಣಿ ಹುಡುಗಿಯೊಬ್ಬಳು ಕಿರುಪ್ರಬಂಧದ ವಿಷಯ ಕೇಳಲು ಬಂದಳು. ಸಂತ ಸೇವಾಲಾಲರು ಹುಟ್ಟಿದ್ದೆಂದು ಲಂಬಾಣಿಗರು ನಡೆದುಕೊಳ್ಳುವ ಸೂರಗೊಂಡನಕೊಪ್ಪ ಅವರಿಗೆ ಹತ್ತಿರ. ಅಜ್ಜಿಯ ಮಾತನ್ನು ಬರೆದುಕೊಳ್ಳುತ್ತೇನೆ ಮೇಡಂ, ಎಂದಳು. ನೀರಿಗೆ ಪಾಣಿ, ಹಾಲಿಗೆ ದೂದ್ ಎನ್ನುವ, ರಾಜಸ್ಥಾನದ ನುಡಿಗಳಿಗೆ ಹತ್ತಿರವಾದ, ಸ್ವಂತ ಲಿಪಿಯಿಲ್ಲದ ಆ ಭಾಷೆ ನಮ್ಮ ನಡುವೆಯೇ ಇದ್ದೂ ನಾವು ಕಿವಿಗೊಡದ ಭಾಷೆ. ನಾನು ಹೇಳಿದ್ದೇನು? 'ಇದು ಕನ್ನಡ ಎಂ.ಎ. ಕಣೆ, ಪರೀಕ್ಷಕರು ಒಪ್ಪೋದಿಲ್ಲ. ಕೇಶಿರಾಜನ ವಿಭಕ್ತಿ ಪ್ರತ್ಯಯಗಳ ಮೇಲೆ ಬರಿ.' ಬರೆದಳು. ಒಳ್ಳೆಯ ಅಂಕವೂ ಬಂತು. 'ಶಬ್ದಮಣಿದರ್ಪಣ'ದ ಪ್ರತ್ಯಯಗಳನ್ನು ಅವಳಿಗಿಂತ ಮೊದಲು ಎಷ್ಟು ಜನ ಎಣಿಸಿದ್ದರೋ.

ಹತ್ತಾರು ವರ್ಷಗಳ ಮೇಲೆ ನ್ಯಾಮತಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಈಗ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಅಜ್ಜಿ ಹೇಗಿದ್ದಾರೆ ಎಂದು ಕೇಳಬಾರದಿತ್ತು, ಕೇಳಿದೆ. 'ಅಜ್ಜಿ ಹೋಗಿ ಆರು ವರ್ಷ ಆತು ಮೇಡಂ. ಈಗ ಅಮ್ಮನ ಹತ್ರ ಕೂತು ಬರ್ಕೊಳ್ತಿದೀನಿ. ಅಜ್ಜಿಗೆ ಗೊತ್ತಿದ್ದದ್ದರಲ್ಲಿ ಅರ್ಧ ಅಮ್ಮಂಗೆ ಗೊತ್ತಿಲ್ಲ' ಎಂದು ಬ್ಯಾಗಿನಿಂದ ಒಂದು ನೂರು ಪುಟದ ನೋಟ್‌ಬುಕ್ ತೆಗೆದಳು. ಕನ್ನಡ ಅಕ್ಷರದಲ್ಲಿ ಲಂಬಾಣಿ ಪದಗಳು, ಎದುರಿಗೆ ಅರ್ಥ. ಕೊನೆಯ ಕೆಲವು ಪುಟಗಳಲ್ಲಿ ಅಜ್ಜಿಯ ಹಳೆಯ ಲಂಗದ ಕಸೂತಿ ನೋಡಿಕೊಂಡು ಒಂದೊಂದು ಹೊಲಿಗೆಯನ್ನೂ ಪೆನ್ಸಿಲಿನಲ್ಲಿ ಬರೆದಿದ್ದಳು. ಚಿತ್ರಗಳು ಅಚ್ಚುಕಟ್ಟಾಗಿದ್ದವು. ಹೆಸರು ಬರೆಯಬೇಕಾದಲ್ಲಿ ಗೆರೆ ಎಳೆದು ಖಾಲಿ ಬಿಟ್ಟಿದ್ದಳು.