‘ಶಿಕಾರಿ’ಯಲ್ಲಿ ಸ್ನೇಹದ ಸ್ವರೂಪ

ಯಶವಂತ ಚಿತ್ತಾಲರ ‘ಶಿಕಾರಿ’ (1979) ಕಾದಂಬರಿಯನ್ನು ಕುರಿತು ಬರೆದವರು ಬಹುಮಟ್ಟಿಗೆ ಮಹಾನಗರದ ಕ್ರೌರ್ಯವನ್ನೂ ಕಂಪನಿಯೊಳಗಿನ ಅಧಿಕಾರದ ಸೆಣಸಾಟವನ್ನೂ ಎತ್ತಿ ಹೇಳಿದ್ದಾರೆ. ಅದು ಸರಿಯೇ. ಹನೇಹಳ್ಳಿಯಲ್ಲಿ ಹುಟ್ಟಿದ ಚಿತ್ತಾಲರು (1928–2014) ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ದುಡಿದು ಆ ಲೋಕವನ್ನು ಒಳಗಿನಿಂದ ಬಲ್ಲವರು. ಆದರೆ ಕಡಯಂಪಟ್ಟಿಯಂತಹ ತಮಿಳು ಸೀಮೆಯ ಊರಿನಲ್ಲಿದ್ದು ಕನ್ನಡ ಓದುವ ನಮಗೆ ಮೊದಲು ಕಾಣುವುದು ಬೇರೊಂದು ಸಂಗತಿ. ಪರಸ್ಥಳದಲ್ಲಿ ‘ನಮ್ಮ ಕಡೆಯವನು’ ಎಂಬ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು?

ಕಥಾನಾಯಕ ನಾಗಪ್ಪನನ್ನು ಕಾರಣ ಸ್ಪಷ್ಟಪಡಿಸದೆಯೇ ಕೆಲಸದಿಂದ ದೂರವಿಡಲಾಗುತ್ತದೆ. ಮೇಲಧಿಕಾರಿ ಫಿರೋಜನ ಹಗೆತನ ಅರ್ಥವಾಗತಕ್ಕದ್ದು; ಅಲ್ಲಿ ಅಧಿಕಾರದ ಪ್ರಶ್ನೆಯುಂಟು. ಶ್ರೀನಿವಾಸನ ಮಾತು ಬೇರೆ. ಅವನು ಸ್ವಂತ ಸೀಮೆಯವನು, ಹಳೆಯ ಸಲುಗೆಯುಳ್ಳವನು, ನಾಗಪ್ಪನ ಪೂರ್ವವೃತ್ತಾಂತವನ್ನು ಕೆದಕಬಲ್ಲವನು. ಗಾಯ ಎಲ್ಲಿದೆಯೆಂಬುದು ಪರಕೀಯನಿಗಿಂತ ಇಂಥವನಿಗೇ ಚೆನ್ನಾಗಿ ಗೊತ್ತು.

ಇಲ್ಲಿ ರನ್ನನ ‘ಗದಾಯುದ್ಧ’ವನ್ನು ನೆನೆಯುವುದು ಅಪ್ರಸ್ತುತವಾಗದು. 10ನೆಯ ಶತಮಾನದ ಈ ಕವಿಯ ದುರ್ಯೋಧನನು ರಣರಂಗದಲ್ಲಿ ಸತ್ತುಬಿದ್ದ ಕರ್ಣನನ್ನು ಕಂಡು, ಅವನ ಹುಟ್ಟಿನ ಗುಟ್ಟು ತನಗೆ ತಿಳಿದಿತ್ತೆಂದು ಹಲುಬುತ್ತಾನೆ. ತರಗತಿಯಲ್ಲಿ ನಾವೆಲ್ಲರೂ ಇದನ್ನು ಮಿತ್ರಪ್ರೇಮದ ಪರಾಕಾಷ್ಠೆಯೆಂದೇ ಬೋಧಿಸುತ್ತೇವೆ. ಆ ಗುಟ್ಟು ಬಯಲಾಗಿದ್ದರೆ ಕೌರವನಿಗೆ ಸೇನಾನಿಯೂ ಹೋಗುತ್ತಿದ್ದ, ಬಹುಶಃ ರಾಜ್ಯವೂ ಹೋಗುತ್ತಿತ್ತು ಎಂಬುದನ್ನು ಯಾರಾದರೂ ಚೂಟಿಯಾದ ಹುಡುಗ ಕೇಳಿದ ಹೊರತು ಹೇಳುವುದಿಲ್ಲ. ಚಿತ್ತಾಲರು ಆ ಹುಡುಗನ ಪ್ರಶ್ನೆಯನ್ನೇ ಹಿಡಿದಿದ್ದಾರೆ. ಗೆಳೆಯನ ಗತವನ್ನು ಬಲ್ಲವನ ಕೈಯಲ್ಲಿ ಆ ತಿಳಿವಳಿಕೆ ಏನಾಗುತ್ತದೆ?

ನಾಗಪ್ಪನೂ ನಿರ್ದೋಷಿಯಲ್ಲ. ಆಡಿದ ಪ್ರತಿಯೊಂದು ಮಾತಿನ ಹಿಂದೆಯೂ ಸಂಚನ್ನು ಹುಡುಕುವ ಶಂಕಾಳು ಅವನು. ನೇರವಾಗಿ ಕೇಳಿಬಿಡುವ ಧೈರ್ಯ ಸಾಲದು. ಕಥೆಯ ಬಹುಭಾಗ ಅವನ ಮನಸ್ಸಿನ ಮೂಲಕವೇ ನಮ್ಮನ್ನು ಮುಟ್ಟುವುದರಿಂದ, ಶ್ರೀನಿವಾಸನ ಕೇಡಿನಲ್ಲಿ ನಿಜವೆಷ್ಟು, ನಾಗಪ್ಪನ ಭಯವೆಷ್ಟು ಎಂದು ತೂಗುವ ಹೊಣೆ ವಾಚಕನ ಮೇಲೆ ಬೀಳುತ್ತದೆ. ಇದನ್ನು ದೋಷವೆನ್ನುವವರಿರಬಹುದು, ಕಾದಂಬರಿಯ ಜೀವವೇ ಇದೆಂದು ನಮ್ಮ ಭಾವನೆ. ಮನೆಮಾತು ಕಿವಿಗೆ ಬಿದ್ದೊಡನೆ ಬಾಗಿಲು ತೆರೆಯುವ ಗಡಿನಾಡಿನವರಿಗೆ ಈ ತೂಗಾಟ ಸುಲಭವಲ್ಲ. ಊರು, ಮನೆತನ ವಿಚಾರಿಸುವುದು ನಮ್ಮಲ್ಲಿ ಆದರದ ಮೊದಲ ಮಾತು. ಅದೇ ವಿಚಾರಣೆ ನಾಗಪ್ಪನಿಗೆ ಬೇಟೆಗಾರನ ಹೆಜ್ಜೆಯ ಸಪ್ಪಳವಾಗಿ ಕೇಳಿಸುತ್ತದೆ.

ಒಂದು ಕೊರತೆಯನ್ನು ಹೇಳಲೇಬೇಕು. ನಾಗಪ್ಪನ ಆತ್ಮಶೋಧನೆ ಅಲ್ಲಲ್ಲಿ ಸುತ್ತಿದಲ್ಲೇ ಸುತ್ತಿ ದಣಿಸುತ್ತದೆ. ಆ ಪುಟಗಳಲ್ಲಿ ಕೆಲವನ್ನಾದರೂ ಶ್ರೀನಿವಾಸನ ಅಂತರಂಗಕ್ಕೆ ಬಿಟ್ಟುಕೊಡಬಹುದಿತ್ತು. ರನ್ನನು ದುರ್ಯೋಧನನಿಗೆ ಅಳುವುದಕ್ಕೆ ಅವಕಾಶ ಕೊಟ್ಟನು.